ಕುಂಟು ಕುದುರೆಗೆ ಕಾನೂನು ಇದೆ, ಎಕ್ಸ್‌ರೇ ಎಲ್ಲಿದೆ?

ಜಗಳೂರು ಸೀಮೆಯಲ್ಲಿ ಹೇರು ಹೊರುವ ಕುದುರೆಯೊಂದು ಕುಂಟಲು ಶುರುಮಾಡಿತು ಅಂದುಕೊಳ್ಳಿ. ಲಾಳ ಬಿಚ್ಚಿ ನೋಡಿದ್ದಾಯ್ತು, ಎಣ್ಣೆ ತಿಕ್ಕಿದ್ದಾಯ್ತು. ತಿಂಗಳಾದರೂ ಊತ ಇಳಿದಿಲ್ಲ. 'ಮೂಳೆ ಕ್ಯಾನ್ಸರ್ ಇರಬೇಕು' ಅಂತ ಯಾರೋ ಅಂದರೆ ಕುದುರೆಯ ಕಥೆ ಅಲ್ಲಿಗೇ ಮುಗೀತು.

ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರ ಕೆಟ್ಟರೆ ಸಾಮಾನ್ಯ ದೋಷ ಮೊದಲು ಹುಡುಕು, ಅಪರೂಪದ್ದು ಆಮೇಲೆ ಅಂತ ಅಲ್ಲಿ ಕಲಿಸ್ತಾರೆ. ಕುದುರೆ ವೈದ್ಯರ ದಾರಿಯೂ ಅದೇ. ಕುದುರೆಗಳಲ್ಲಿ ಮೂಳೆ ಕ್ಯಾನ್ಸರ್ ಬಹಳ ಅಪರೂಪ. ಬಂದರೂ ಹೆಚ್ಚಾಗಿ ದವಡೆಗೆ. ಕುಂಟೋದಕ್ಕೆ ಕಾರಣ ಸಾಮಾನ್ಯವಾಗಿ ಗೊರಸಿನೊಳಗಿನ ಕೀವು, ಲಾಳದ ಮೊಳೆ, ಕೀಲು ಸವೆತ. ಹಾಗಾಗಿ ನಡಿಗೆ ನೋಡಿ, ಗೊರಸು ಒತ್ತಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವಿನ ಜಾಗ ಹಿಡಿದ ಮೇಲೆ ಎಕ್ಸ್‌ರೇ. ಅದರಲ್ಲಿ ಮೂಳೆ ಕರಗಿದ್ದು ಕಂಡರೂ ಅದು ಸೋಂಕಿರಬಹುದು, ಕ್ಯಾನ್ಸರೂ ಇರಬಹುದು. ಖಚಿತವಾಗಿ ಹೇಳೋದು ಬಯಾಪ್ಸಿ. ಸೋಂಕಾದರೆ ಚಿಕಿತ್ಸೆಗೆ ದಾರಿಯಿದೆ. ಕಾಲಿನ ಕ್ಯಾನ್ಸರಾದರೆ ನೋವಿಲ್ಲದ ಸಾವೇ ಹೆಚ್ಚಿನ ಸಲ ಉಳಿಯುವ ಕರುಣೆ.

ಈ ವ್ಯತ್ಯಾಸ ತಿಳಿಯೋದು ಎಲ್ಲಿ? ಪಶುವೈದ್ಯಕೀಯ ಕಾಲೇಜು ಇರೋದು ಶಿವಮೊಗ್ಗದಲ್ಲಿ. 1997ರವರೆಗೆ ಅದೇ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗೆ ಅದು ಹತ್ತಿರ. ಚಿತ್ರದುರ್ಗದಿಂದ ಬಂದ ಜಗಳೂರು ದಾವಣಗೆರೆ ಜಿಲ್ಲೆಯ ಇನ್ನೊಂದು ತುದಿ. ಮೂರು ಕಾಲಲ್ಲಿ ನಿಂತ ಕುದುರೆಯನ್ನು ಅಷ್ಟು ದೂರ ಸಾಗಿಸುವ ಬಾಡಿಗೆ ಯಾರು ಕೊಡ್ತಾರೆ? 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆ ಇದೆ, ಒಳ್ಳೆಯದೇ. ಆದರೆ ಬಯಾಪ್ಸಿಗೆ ಪ್ರಯೋಗಾಲಯವೇ ಬೇಕು.

ಕಾನೂನು ಏನೋ ಸ್ಪಷ್ಟವಾಗಿದೆ. ಕಾಯಿಲೆ ಬಿದ್ದು ಕೆಲಸಕ್ಕಾಗದ ಪ್ರಾಣಿಯನ್ನು ದುಡಿಸುವುದು 1960ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಕಾಯಿಲೆ ಯಾವುದು ಅಂತ ತಿಳಿಯಲು ನೆರವಾಗದ ಸರ್ಕಾರ, ತಿಳಿಯದೆ ದುಡಿಸಿದವನನ್ನು ಯಾವ ಮುಖದಲ್ಲಿ ಕೇಳುತ್ತೆ?

'ಕುದುರೆಗಳೇ ಎಷ್ಟಿವೆ ಮಾರಾಯ?' ಅಂತೀರಾ? ಹೌದು, ದೇಶದಲ್ಲಿ 2012ರಲ್ಲಿ ಸುಮಾರು 6.25 ಲಕ್ಷ ಇದ್ದವು 2019ರ ಗಣತಿಗೆ 3.4 ಲಕ್ಷಕ್ಕೆ ಇಳಿದಿವೆ. ಸಂಖ್ಯೆ ಇಲ್ಲದವರಿಗೆ ಸೌಲಭ್ಯವೂ ಇಲ್ಲ ಅನ್ನೋ ಲೆಕ್ಕ ನಮಗೆ ಹೊಸದಲ್ಲ. ಆದರೆ ಅದೇ ಎಕ್ಸ್‌ರೇ ಹೊನ್ನಾಳಿಯ ಹೋರಿಗೂ ಬೇಕು, ಚನ್ನಗಿರಿಯ ಎಮ್ಮೆಗೂ ಬೇಕು. ತಾಲ್ಲೂಕುಗಳ ನಡುವೆ ಓಡಾಡುವ ಒಂದು ಎಕ್ಸ್‌ರೇ ಯಂತ್ರ, ಬಯಾಪ್ಸಿ ಮಾದರಿಯನ್ನು ಶಿವಮೊಗ್ಗಕ್ಕೆ ತಲುಪಿಸುವ ಏರ್ಪಾಟು: ಕೇಳಬೇಕಾದ್ದು ಇಷ್ಟೇ. ಮುಂದಿನ ಸಲ ಶಾಸಕರು ಊರಿಗೆ ಬಂದಾಗ ಕೇಳಿ.