ನಮ್ಮ ಊರಿನ ಗ್ರಂಥಾಲಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳಲ್ಲಿ ಯಾವುದಕ್ಕೇ ಹೋಗಿ ಬಸ್ ನಿಲ್ದಾಣವೆಲ್ಲಿ ಎಂದು ಕೇಳಿದರೆ ಹತ್ತು ಜನ ದಾರಿ ತೋರಿಸುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ದಾರಿಯನ್ನು ಮಕ್ಕಳೂ ಬಲ್ಲರು. ಸಾರ್ವಜನಿಕ ಗ್ರಂಥಾಲಯ ಎಲ್ಲಿದೆಯೆಂದು ಕೇಳಿದಾಗ ಮಾತ್ರ ಅನೇಕರು ಯೋಚಿಸಬೇಕಾಗುತ್ತದೆ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ಕನ್ನಂಬಾಡಿ ಅಣೆಕಟ್ಟೆಯೊಡನೆ ನೆನೆಯುತ್ತೇವೆ. ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿಯೇ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾದುವೆಂಬುದು ಅಷ್ಟಾಗಿ ನೆನಪಿಗೆ ಬಾರದು. ಕಬ್ಬನ್ ಉದ್ಯಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ನಿಂತಿರುವ ಕೆಂಪು ಭವನದಲ್ಲಿ ಇಂದು ರಾಜ್ಯ ಕೇಂದ್ರ ಗ್ರಂಥಾಲಯವಿದೆ. ನಮ್ಮ ಕಡೆಯವರು ಬೆಂಗಳೂರಿಗೆ ಹೋದಾಗ ಅದನ್ನು ಹೊರಗಿನಿಂದ ನೋಡಿ ಮೆಚ್ಚುತ್ತಾರೆ. ಒಳಹೊಕ್ಕು ಕುಳಿತು ಓದಿದವರು ವಿರಳ.

ಗ್ರಂಥಾಲಯವು ಯಾರೋ ಪುಣ್ಯಾತ್ಮರು ಕಟ್ಟಿಸಿದ ಧರ್ಮಛತ್ರದಂತೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ಇದು ಸರಿಯಲ್ಲ. ಗ್ರಂಥಾಲಯಗಳಿಗೆ ಕಾನೂನಿನ ಆಧಾರವೂ ನಿಶ್ಚಿತವಾದ ವರಮಾನವೂ ಇರಬೇಕೆಂದು ಡಾ. ಎಸ್. ಆರ್. ರಂಗನಾಥನ್ ಅವರು ಜೀವನವಿಡೀ ವಾದಿಸಿದರು. ಅದರ ಫಲವಾಗಿ 1948ರಲ್ಲಿ ಮದರಾಸಿನಲ್ಲಿಯೂ 1965ರಲ್ಲಿ ನಮ್ಮ ರಾಜ್ಯದಲ್ಲಿಯೂ ಗ್ರಂಥಾಲಯ ಶಾಸನಗಳು ಬಂದುವು. ನಗರಸಭೆಗೆ ನಾವು ಸಲ್ಲಿಸುವ ಮನೆ ಕಂದಾಯದ ಪ್ರತಿ ರೂಪಾಯಿಗೆ ಇಂದು 6 ಪೈಸೆ ಗ್ರಂಥಾಲಯ ಕರವು ಸೇರುತ್ತದೆ. ಸಾವಿರ ರೂಪಾಯಿ ಕಂದಾಯ ಕಟ್ಟುವ ಗೃಹಸ್ಥನು ಗ್ರಂಥಾಲಯದ ಹೊಸ್ತಿಲನ್ನು ತುಳಿಯದಿದ್ದರೂ 60 ರೂಪಾಯಿಗಳನ್ನು ಅದಕ್ಕೆ ಕೊಟ್ಟಿರುತ್ತಾನೆ. ಹೀಗೆ ಕೂಡಿದ ಹಣವನ್ನು ರಾಜ್ಯದ ಹಲವು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಸಲ್ಲಿಸದೆ ಬಾಕಿ ಉಳಿಸಿಕೊಂಡಿರುವುದು ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಓದುವವರು ಇಲ್ಲದ ಊರಿನಲ್ಲಿ ಈ ಲೆಕ್ಕವನ್ನು ಕೇಳುವವರಾದರೂ ಯಾರು?

ಮೊಬೈಲಿನಲ್ಲಿಯೇ ಎಲ್ಲವೂ ದೊರೆಯುವಾಗ ಗ್ರಂಥಾಲಯವೇಕೆಂದು ಕೆಲವರು ಕೇಳಬಹುದು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ತರುಣ ತರುಣಿಯರನ್ನು ಕೇಳಿದರೆ ಇದಕ್ಕೆ ಉತ್ತರ ಸಿಗುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಓದಲಾರದವರಿಗೆ ಮೇಜು, ಬೆಳಕು, ನಿಶ್ಶಬ್ದ ಇವು ಅಲ್ಪವೇನಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಬಡತನದಲ್ಲಿ ಬೆಳೆದು, ಪ್ರೌಢಶಾಲೆಯ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. ಅಂಥವರಿಗೆ ಊರಿನಲ್ಲಿಯೇ ಒಂದು ಒಳ್ಳೆಯ ಗ್ರಂಥಾಲಯವಿದ್ದರೆ ಎಷ್ಟು ಉಪಕಾರವಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗ್ರಂಥಾಲಯವು ಪರೀಕ್ಷೆಯ ಓದಿಗೆ ಮಾತ್ರ ಮೀಸಲಾಗುವುದೂ ನನಗೆ ಹಿತವೆನಿಸದು. ಓದುವವರು ತಮ್ಮ ಪುಸ್ತಕಗಳನ್ನೇ ಹೊತ್ತುತಂದು ಓದಿ ಎದ್ದುಹೋದರೆ ಕಪಾಟಿನ ಕಥೆ, ಕಾವ್ಯ, ಚರಿತ್ರೆಗಳ ಗತಿಯೇನು? ಮಧ್ಯಯುಗದ ಯೂರೋಪಿನಲ್ಲಿ ಗ್ರಂಥಗಳನ್ನು ಸರಪಣಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು; ಇಂಗ್ಲೆಂಡಿನ ಹೆರಿಫರ್ಡಿನಲ್ಲಿ ಅಂಥ ಸಂಗ್ರಹವನ್ನು ಇಂದಿಗೂ ಕಾಣಬಹುದು. ನಮ್ಮಲ್ಲಿ ಸರಪಣಿಯಿಲ್ಲ, ಆದರೂ ಪುಸ್ತಕ ಕದಲುವುದಿಲ್ಲ. ಈಚೆಗೆ ನಾನು ಎರವಲು ತಂದ ಪುಸ್ತಕದ ದಿನಾಂಕದ ಚೀಟಿಯಲ್ಲಿ ನನಗಿಂತ ಹಿಂದಿನ ಮುದ್ರೆ ಹನ್ನೊಂದು ವರ್ಷಗಳಷ್ಟು ಹಳೆಯದಾಗಿತ್ತು.

ಸದಸ್ಯನಾಗಲು ಬೇಕಾಗುವುದು ಅಲ್ಪ ಠೇವಣಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಅದರ ಹೆಸರನ್ನು ಬರೆದು ಗ್ರಂಥಪಾಲಕರಿಗೆ ಕೊಡಬಹುದು. ಅವರು ತರಿಸಲಾರದೆ ಹೋದರೆ ಕಾರಣವನ್ನು ಕೇಳಬಹುದು. ಹಣವಿಲ್ಲವೆಂದರೆ, ನಾವು ಕಟ್ಟಿದ 6 ಪೈಸೆ ಎಲ್ಲಿ ಹೋಯಿತೆಂದು ನಗರಸಭೆಯ ಸದಸ್ಯರನ್ನು ವಿಚಾರಿಸಬಹುದು.