ಮೆಕಾಟ್ರಾನಿಕ್ಸ್ ಓದಲಿ ಬಿಡು ಅಕ್ಕಾ

ಸಿಇಟಿ, ಡಿಸಿಇಟಿ ರ‍್ಯಾಂಕ್ ಪ್ರಕಟವಾಯಿತೆಂದರೆ ಹೊರ ರಾಜ್ಯದಲ್ಲಿರುವ ನಮ್ಮಂಥವರ ಫೋನಿಗೆ ಬಿಡುವಿರುವುದಿಲ್ಲ. ವರ್ಷವಿಡೀ ನೆನಪಾಗದ ಬೀಗರು, ಬಳಗದವರೆಲ್ಲ ‘ನಮ್ಮ ಹುಡುಗಗ ಯಾವ ಬ್ರಾಂಚ್ ಕೊಡಸೂಣು?’ ಎಂದು ಕೇಳುತ್ತಾರೆ. ನಾನು ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದೆ: ಕಂಪ್ಯೂಟರ್ ಸೈನ್ಸ್. ಯೋಚಿಸುವ ಶ್ರಮವಿರಲಿಲ್ಲ, ಮುಂದೆ ಯಾರೂ ಬೈಯುವ ಭಯವೂ ಇರಲಿಲ್ಲ.

ಈ ಸಲ ಫೋನ್ ಮಾಡಿದ್ದು ಹಾವೇರಿಯಿಂದ ನನ್ನ ಸ್ವಂತ ಅಕ್ಕ. ಅವಳ ಮಗ ಜಿಟಿಟಿಸಿಯಲ್ಲಿ ಮೆಕಾಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಾನೆ. ಡಿಸಿಇಟಿ ರ‍್ಯಾಂಕ್ ಮೇಲೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅವನಿಗೆ ಪದವಿಯಲ್ಲೂ ಮೆಕಾಟ್ರಾನಿಕ್ಸೇ ಬೇಕು. ಅಕ್ಕನಿಗೆ ಮಾತ್ರ ಅವನು ಕಂಪ್ಯೂಟರ್ ಸೈನ್ಸ್ ಕಡೆ ಹೊರಳಬೇಕು. ‘ನೀನರ ಹೇಳು ತಮ್ಮಾ, ಅಂವ ನನ್ನ ಮಾತು ಕೇಳವಲ್ಲ. ಅದು ಅರ್ಧಾ ಮೆಕ್ಯಾನಿಕಲ್, ಅರ್ಧಾ ಎಲೆಕ್ಟ್ರಾನಿಕ್ಸ್ ಅಂತ. ಎರಡೂ ಪೂರ್ತಿ ಬರಂಗಿಲ್ಲಂತ. ನೀ ಕಂಪ್ಯೂಟರ್ ಓದಿ ಮನಿ ಕಟ್ಟಸಿಲ್ಲೇನು?’ ಎಂದಳು. ಮನೆ ಕಟ್ಟಿಸಿದ್ದು ನಿಜ. ಸಾಲದ ಕಂತು ಇನ್ನೂ ಹದಿನಾಲ್ಕು ವರ್ಷ ಇದೆ ಎಂಬುದನ್ನು ಅವಳಿಗೆ ಹೇಳಿಲ್ಲ.

ಎರಡು ದಿನ ಬಿಟ್ಟು ಹೇಳುತ್ತೇನೆ ಎಂದೆ. ಹಳೆಯ ಉತ್ತರ ಬಾಯಿಗೆ ಬರಲಿಲ್ಲ. ಅದಕ್ಕೆ ಕಾರಣ ಎರಡು ವರ್ಷದ ಹಿಂದೆ ಚಾಕಣದ ಒಂದು ಕಾರ್ಖಾನೆಯಲ್ಲಿ ಕಳೆದ ಮೂರು ರಾತ್ರಿ.

ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್ ಮಾಡಿದವನು. ನಮ್ಮ ತಂಡ ಕಾರ್ಖಾನೆಗಳಿಗೆ ಕ್ಯಾಮೆರಾ ತಪಾಸಣೆಯ ಸಾಫ್ಟ್‌ವೇರ್ ಬರೆದುಕೊಡುತ್ತದೆ. ಕನ್ವೇಯರ್ ಮೇಲೆ ಬಿಡಿಭಾಗ ಬರುತ್ತದೆ, ಸೆನ್ಸರ್ ಅದನ್ನು ಗುರುತಿಸಿ ಕ್ಯಾಮೆರಾಗೆ ಸಂಕೇತ ಕೊಡುತ್ತದೆ, ಕ್ಯಾಮೆರಾ ಫೋಟೊ ತೆಗೆಯುತ್ತದೆ, ನಮ್ಮ ಪ್ರೋಗ್ರಾಂ ಸರಿಯೋ ತಪ್ಪೋ ಎಂದು ಹೇಳುತ್ತದೆ. ತಪ್ಪಿದ್ದರೆ ಗಾಳಿಯ ಒತ್ತಡದ ಸಿಲಿಂಡರ್ ಅದನ್ನು ಪಕ್ಕದ ಡಬ್ಬಿಗೆ ತಳ್ಳುತ್ತದೆ. ಆಫೀಸಿನಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಚಾಕಣದಲ್ಲಿ ಒಳ್ಳೆಯ ಬಿಡಿಭಾಗಗಳೇ ಡಬ್ಬಿಗೆ ಬೀಳತೊಡಗಿದವು. ಬೆಲ್ಟ್ ಖಾಲಿ ಇದ್ದಾಗಲೂ ಕ್ಯಾಮೆರಾ ಫೋಟೊ ತೆಗೆಯುತ್ತಿತ್ತು, ಎಣಿಕೆ ಒಂದೊಂದಾಗಿ ಜಾರುತ್ತಿತ್ತು. ಎಂಟೆಕ್ ಆದವರು ಇಬ್ಬರು, ಬಿಇ ಆದವರು ಇಬ್ಬರು, ನಾಲ್ವರೂ ಸೇರಿ ಮೂರು ರಾತ್ರಿ ಲಾಗ್ ಓದಿದೆವು, ಕೋಡ್ ತಿದ್ದಿದೆವು. ಗ್ರಾಹಕರ ಮ್ಯಾನೇಜರ್ ನಮ್ಮ ಮುಖ ನೋಡುವುದನ್ನೇ ಬಿಟ್ಟಿದ್ದರು.

ಮೂರನೇ ರಾತ್ರಿ ನಾನು ಮನೆಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡುತ್ತಿದ್ದುದು ಕೇಳಿ ಮೇಂಟೆನೆನ್ಸ್ ವಿಭಾಗದ ಹುಡುಗನೊಬ್ಬ ಹತ್ತಿರ ಬಂದ. ವಿಜಯಪುರದ ಕಡೆಯವನು, ಓದಿದ್ದು ಮೆಕಾಟ್ರಾನಿಕ್ಸ್ ಡಿಪ್ಲೊಮಾ. ‘ಸರ್, ಇದು ಯಾವಾಗ ಯಾವಾಗ ಆಗ್ತದ?’ ಎಂದು ಕೇಳಿದ. ನಾವು ಯಾರೂ ಕೇಳಿಕೊಳ್ಳದ ಪ್ರಶ್ನೆ ಅದು. ಸ್ವಲ್ಪ ಹೊತ್ತು ನಿಂತು ನೋಡಿದ. ಪಕ್ಕದ ಲೈನಿನ ದೊಡ್ಡ ಮೋಟಾರು ವೇಗ ಹೆಚ್ಚಿಸಿದಾಗಲೆಲ್ಲ ನಮ್ಮ ಕ್ಯಾಮೆರಾ ಸುಮ್ಮಸುಮ್ಮನೆ ಫೋಟೊ ತೆಗೆಯುತ್ತಿತ್ತು. ಏಣಿ ಹಾಕಿ ಮೇಲೆ ಹತ್ತಿದ. ಸೆನ್ಸರಿನ ಸಣ್ಣ ಕೇಬಲ್ಲೂ ಆ ಮೋಟಾರಿನ ಡ್ರೈವ್ ಕೇಬಲ್ಲೂ ಒಂದೇ ಟ್ರೇಯಲ್ಲಿ ಜೊತೆಯಾಗಿ ಮಲಗಿದ್ದವು. ಸಣ್ಣ ಕೇಬಲ್ಲಿನ ಮೇಲಿನ ಲೋಹದ ಹೆಣಿಗೆಗೆ ಅರ್ಥಿಂಗ್ ಕೊಟ್ಟಿರಲಿಲ್ಲ. ಕೇಬಲ್ ಬೇರೆ ದಾರಿಯಲ್ಲಿ ಎಳೆದು, ಅರ್ಥಿಂಗ್ ಕೊಟ್ಟು ಇಳಿದ. ಒಂದು ತಾಸೂ ಹಿಡಿಯಲಿಲ್ಲ. ನಮ್ಮ ಕೋಡಿನಲ್ಲಿ ತಪ್ಪೇ ಇರಲಿಲ್ಲ. ಮೂರು ರಾತ್ರಿ ತಿದ್ದಿದ್ದರಿಂದ ಒಂದೆರಡು ತಪ್ಪು ಹೊಸದಾಗಿ ಸೇರಿದ್ದವು, ಅದು ಬೇರೆ ಮಾತು.

ಅಕ್ಕ ‘ಅರ್ಧ, ಅರ್ಧ’ ಅಂದಾಗ ನನಗೆ ಆ ಹುಡುಗ ನೆನಪಾದ. ದೋಷವಿದ್ದದ್ದು ಯಂತ್ರದಲ್ಲೂ ಅಲ್ಲ, ಪ್ರೋಗ್ರಾಮಿನಲ್ಲೂ ಅಲ್ಲ, ಎರಡರ ನಡುವಿನ ತಂತಿಯಲ್ಲಿ. ಆ ಜಾಗಕ್ಕೆ ನಮ್ಮ ನಾಲ್ಕು ಪದವಿಗಳಲ್ಲಿ ಒಂದೂ ವಾರಸುದಾರನಾಗಿರಲಿಲ್ಲ.

ಮೆಕಾಟ್ರಾನಿಕ್ಸ್ ಎಂಬ ಹೆಸರು ಹುಟ್ಟಿದ್ದೂ ಕಾರ್ಖಾನೆಯಲ್ಲೇ. ಮೋಟಾರು ತಯಾರಿಸುವ ಜಪಾನಿನ ಯಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ತೆತ್ಸುರೊ ಮೋರಿ ಎಂಬ ಇಂಜಿನಿಯರ್ 1969ರಲ್ಲಿ ಮೆಕ್ಯಾನಿಕ್ಸ್, ಎಲೆಕ್ಟ್ರಾನಿಕ್ಸ್ ಎರಡನ್ನೂ ಕೂಡಿಸಿ ಈ ಪದ ಮಾಡಿದರು. ಕಂಪನಿ ಅದಕ್ಕೆ ಟ್ರೇಡ್‌ಮಾರ್ಕ್ ಕೂಡ ಪಡೆದಿತ್ತು, ಮುಂದೆ ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಕಾಲೇಜುಗಳು ಕೋರ್ಸು ತೆರೆದದ್ದು ಆಮೇಲೆ.

ಜಪಾನೇಕೆ, ಹಾವೇರಿಯ ಗ್ಯಾರೇಜಿಗೆ ಹೋದರೂ ಸಾಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಬಹುತೇಕ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಅದಕ್ಕೂ ಒಂದು ವರ್ಷ ಮೊದಲೇ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿತ್ತು. ಸ್ಕ್ರೂಡ್ರೈವರ್ ತಿರುಗಿಸಿ, ಕಿವಿಯಲ್ಲಿ ಇಂಜಿನ್ ಸದ್ದು ಕೇಳಿ ಟ್ಯೂನಿಂಗ್ ಮಾಡುತ್ತಿದ್ದ ಮೇಸ್ತ್ರಿಗಳು ಒಮ್ಮೆಲೇ ಸ್ಕ್ಯಾನರ್ ಹಿಡಿಯಬೇಕಾಯಿತು. ಸೆನ್ಸರ್ ಹೇಳುತ್ತದೆ, ಇಸಿಯು ಲೆಕ್ಕ ಹಾಕುತ್ತದೆ, ಇಂಜೆಕ್ಟರ್ ಕೆಲವೇ ಮಿಲಿಸೆಕೆಂಡು ಬಾಯಿ ತೆರೆದು ಪೆಟ್ರೋಲ್ ಬಿಡುತ್ತದೆ. ಮೂರರಲ್ಲಿ ಒಂದನ್ನಷ್ಟೇ ಬಲ್ಲವನು ಗಾಡಿ ರಿಪೇರಿ ಮಾಡಲಾರ. ಅಕ್ಕನ ಮಗನಿಗೆ ಈ ಹುಚ್ಚು ಹಿಡಿದದ್ದೂ ಅಂಥದೇ ಒಂದು ಗ್ಯಾರೇಜಿನಲ್ಲಿ, ಅವರಪ್ಪನ ಬೈಕ್ ನೆಪದಲ್ಲಿ.

ಹಾಗಂತ ಅಕ್ಕನ ಭಯ ಸುಳ್ಳೇನಲ್ಲ. ಈ ಪದವಿಯಲ್ಲಿ ಥರ್ಮೊಡೈನಾಮಿಕ್ಸ್ ಮೆಕ್ಯಾನಿಕಲ್‌ನವರಷ್ಟು ಆಳಕ್ಕೆ ಹೋಗುವುದಿಲ್ಲ, ಪ್ರೋಗ್ರಾಮಿಂಗ್ ನಮ್ಮಷ್ಟು ಇರುವುದಿಲ್ಲ. ಶುರುವಿನ ಸಂಬಳವೂ ಸಾಫ್ಟ್‌ವೇರಿಗಿಂತ ಕಡಿಮೆ. ಇದಕ್ಕಿಂತ ನೋವಿನ ಇನ್ನೊಂದು ಸಂಗತಿ ನನ್ನ ಹಳೆಯ ರೂಮ್‌ಮೇಟ್‌ನಿಂದ ಗೊತ್ತು. ಮೆಕಾಟ್ರಾನಿಕ್ಸ್ ಬಿಇ ಮಾಡಿದ ಅವನು ಸಾರ್ವಜನಿಕ ವಲಯದ ಒಂದು ಸಂಸ್ಥೆಗೆ ಅರ್ಜಿ ಹಾಕಿ, ಪರೀಕ್ಷೆ ಬರೆದು ಪಾಸಾಗಿದ್ದ. ದಾಖಲೆ ಪರಿಶೀಲನೆಯ ದಿನ ಮೇಜಿನಾಚೆ ಕುಳಿತವರು ಅಧಿಸೂಚನೆ ತೋರಿಸಿದರು: ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್. ಮೂರನ್ನೂ ಓದಿದ್ದವನ ಪದವಿಯ ಹೆಸರು ಮೂರರಲ್ಲಿ ಯಾವುದೂ ಆಗಿರಲಿಲ್ಲ. ಕಾಲೇಜಿನಿಂದ ವಿಷಯಗಳ ಪಟ್ಟಿ ತಂದ, ವಿಶ್ವವಿದ್ಯಾಲಯದ ಪತ್ರ ತಂದ. ಆಗಲಿಲ್ಲ. ಆ ರಾತ್ರಿ ಸ್ವಾರ್ಗೇಟ್‌ನಿಂದ ಊರ ಬಸ್ಸು ಹತ್ತಿ ಹೋದವನು ತಿಂಗಳು ಬಿಟ್ಟು ಬಂದ. ಗೇಟ್ ಪರೀಕ್ಷೆಯಲ್ಲೂ ಮೆಕಾಟ್ರಾನಿಕ್ಸ್ ಎಂಬ ಪತ್ರಿಕೆಯಿಲ್ಲ, ಮೆಕ್ಯಾನಿಕಲ್ಲೋ ಇನ್‌ಸ್ಟ್ರುಮೆಂಟೇಷನ್ನೋ ಬರೆಯಬೇಕು. ಇತ್ತ ಪಟ್ನಾದ ಐಐಟಿಯಲ್ಲಿ ಮೆಕಾಟ್ರಾನಿಕ್ಸ್ ಎಂಟೆಕ್ಕೇ ಇದೆ. ಜಿಟಿಟಿಸಿ ನಮ್ಮ ರಾಜ್ಯ ಸರ್ಕಾರದ್ದೇ ಸಂಸ್ಥೆ. ಸರ್ಕಾರವೇ ಕಲಿಸುವ ವಿದ್ಯೆಯ ಹೆಸರು ನೇಮಕಾತಿಯ ಪ್ರತಿಯೊಂದು ಅಧಿಸೂಚನೆಯಲ್ಲೂ ತಪ್ಪದೆ ಇರಬೇಕು. ಅದಕ್ಕೆ ಹಣ ಬೇಕಿಲ್ಲ, ಒಂದು ಸಾಲು ಟೈಪ್ ಮಾಡಿದರಾಯಿತು. ಇದನ್ನು ಕೇಳಬೇಕಾದವರು ಕೋರ್ಸು ನಡೆಸುವ ಕಾಲೇಜುಗಳು. ಪ್ರವೇಶದ ಬ್ರೋಷರ್‌ನಲ್ಲಿ ರೋಬೊ ಚಿತ್ರ ಹಾಕುವಾಗ ಇರುವ ಉತ್ಸಾಹ ಇದಕ್ಕೂ ಇರಲಿ.

ಹಾಗಾದರೆ ಡಿಪ್ಲೊಮಾಗೇ ನಿಲ್ಲಿಸಿ ಕೆಲಸಕ್ಕೆ ಸೇರಲಿ ಎನ್ನುವವರಿದ್ದಾರೆ. ಅದಕ್ಕೂ ಚಾಕಣದ ಆ ಹುಡುಗನೇ ಉತ್ತರ. ಈಗಲೂ ಆಗಾಗ ಫೋನ್ ಮಾಡುತ್ತಾನೆ. ಆರು ವರ್ಷವಾದರೂ ಟೆಕ್ನಿಷಿಯನ್ ಆಗಿಯೇ ಇದ್ದಾನೆ. ಅಲ್ಲಿ ಇಂಜಿನಿಯರ್ ಹುದ್ದೆಗೆ ಪದವಿ ಬೇಕೇ ಬೇಕು. ಅವನಿಗಿಂತ ನಂತರ ಬಂದ ಪದವೀಧರರು ಅವನಿಂದಲೇ ಕೆಲಸ ಕಲಿತು ಅವನಿಗೇ ಸಾಹೇಬರಾಗಿದ್ದಾರೆ. ಆ ರಾತ್ರಿ ನನ್ನನ್ನು ಅವನು ‘ಸರ್’ ಎಂದು ಕರೆದದ್ದು ನೆನಪಾದರೆ ಇವತ್ತಿಗೂ ಮುಜುಗರವಾಗುತ್ತದೆ.

ಆದ್ದರಿಂದ ಅಕ್ಕನಿಗೆ ಹೇಳಿದೆ: ‘ಓದಲಿ ಬಿಡು. ಮುಂದ ಏನರ ಆದ್ರ ನನ್ನ ಬೈಯಿ.’ ಅಳಿಯನಿಗೆ ಹೇಳಿದ್ದು ಬೇರೆ. ಕಾಲೇಜಿನ ಕಟ್ಟಡ, ಪ್ಲೇಸ್‌ಮೆಂಟ್ ಫಲಕ ನೋಡಬೇಡ, ಲ್ಯಾಬ್ ನೋಡು. ಪಿಎಲ್‌ಸಿ ಬೆಂಚಿನ ಸ್ವಿಚ್ಚುಗಳು ಸವೆದಿವೆಯಾ, ಹೊಸದರ ಹಾಗೆ ಹೊಳೆಯುತ್ತಿವೆಯಾ ನೋಡು. ಸಂಜೆ ಐದರ ನಂತರ ಲ್ಯಾಬ್ ತೆರೆದಿರುತ್ತದೆಯಾ ಎಂದು ಹುಡುಗರನ್ನು ಕೇಳು, ಮೇಷ್ಟ್ರನ್ನಲ್ಲ. ಕೊನೆಯ ವರ್ಷದವರು ಪ್ರಾಜೆಕ್ಟ್ ತಾವೇ ಮಾಡುತ್ತಾರಾ, ಅಂಗಡಿಯಿಂದ ರೆಡಿಮೇಡ್ ತರುತ್ತಾರಾ ತಿಳಿದುಕೋ. ಬರೀ ಪುಸ್ತಕದಲ್ಲಿ ಓದುವ ಮೆಕಾಟ್ರಾನಿಕ್ಸ್ ಆದರೆ ಅಕ್ಕ ಹೇಳಿದ್ದೇ ಸರಿ, ಅರ್ಧವೂ ಬರುವುದಿಲ್ಲ. ಅಂಥ ಕಡೆ ಸೀಟು ಸಿಕ್ಕರೆ ಕಂಪ್ಯೂಟರ್ ಸೈನ್ಸೇ ತಗೋ ಎಂದೂ ಹೇಳಿದ್ದೇನೆ.

ಆಪ್ಷನ್ ಎಂಟ್ರಿಗೆ ಇನ್ನೂ ನಾಲ್ಕು ದಿನವಿದೆ. ನಿನ್ನೆ ಅವನು ಮೊದಲ ಕಾಲೇಜಿನಿಂದ ಫೋನ್ ಮಾಡಿದ್ದ.

‘ಮಾಮಾ, ರೋಬೊ ಅದ. ಆದ್ರ ಮ್ಯಾಲ ಪ್ಲಾಸ್ಟಿಕ್ ಹಾಳಿ ಹೊಚ್ಚ್ಯಾರ. ಕೀಲಿ ಎಚ್‌ಒಡಿ ಕಡೆ ಅದಂತ.’

ಎರಡನೇ ಕಾಲೇಜಿಗೆ ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತಾನಂತೆ.