ಕಾಲಕ್ಕೆ ತಕ್ಕ ಕಸಬು

ದಾವಣಗೆರೆಯು ಹತ್ತಿಯ ಗಿರಣಿಗಳಿಂದಲೂ, ಹರಿಹರವು 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದಲೂ ಹೆಸರಾಗಿದ್ದುವು. ಗಿರಣಿಗಳು ಒಂದೊಂದಾಗಿ ನಿಂತುವು. ಆ ಕಾರ್ಖಾನೆಯೂ ಮುಚ್ಚಿ ಎರಡು ದಶಕಗಳು ಸಂದುವು. ಕಸಬು ಕಲಿತವರು ಉಳಿದರು, ಕೆಲಸವು ಉಳಿಯಲಿಲ್ಲ.

ಇಂದು ಕೆಲಸವು ಹೊಲಗದ್ದೆಗಳ ಸಮೀಪದಲ್ಲಿಯೇ ಇರುವುದು. ಭದ್ರಾ ನಾಲೆಯ ಬತ್ತಕ್ಕೂ, ಮಳೆಯಾಶ್ರಯದ ಮೆಕ್ಕೆಜೋಳಕ್ಕೂ, ಕೊಳವೆಬಾವಿಯ ಅಡಕೆಗೂ ಯಂತ್ರಗಳು ಬೇಕು. ಕೊಯ್ಲಿನ ನಡುವೆ ಯಂತ್ರವು ಕೆಟ್ಟು, ದುರಸ್ತಿಗಾರನು ಬರುವ ಮೊದಲೇ ಮಳೆಯು ಬಂದರೆ ನಷ್ಟವು ಯಾರದು?

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ತಮ್ಮೂರಿನ ಪಂಪು, ಟ್ರಾಕ್ಟರು, ಒಕ್ಕುವ ಯಂತ್ರಗಳನ್ನು ಎಣಿಸಿ, ದುರಸ್ತಿಗೆ ಎಷ್ಟು ಮಂದಿ ಬೇಕೆಂಬುದನ್ನು ಸಮೀಪದ ಕೈಗಾರಿಕಾ ತರಬೇತಿ ಸಂಸ್ಥೆಗೆ ತಿಳಿಸತಕ್ಕದ್ದು. ಸುಗ್ಗಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳಿಗೆ ತಮ್ಮ ಯಂತ್ರಗಳ ಬಳಿ ಅಭ್ಯಾಸಕ್ಕೆ ಅವಕಾಶವೀಯತಕ್ಕದ್ದು. ನೆಲವನ್ನು ನೋಡಿ ಬಿತ್ತುವವರಿಗೆ ಕೆಲಸವನ್ನು ನೋಡಿ ಕಸಬು ಕಲಿಸುವುದು ಕಷ್ಟವಾಗದು.